ಒದ್ದೆ ಕೈ, ಒಣ ಕೈ

ಮಕ್ಕಳು ಇಟ್ಟ ಹೆಸರಿನ ಮೇಲೆ ಅಪೀಲು ಇಲ್ಲ. ಅಕ್ಕನನ್ನು ಅವರು ನೀರತ್ತೆ ಎಂದರು, ತಂಗಿಯನ್ನು ಪೆನ್ನಿನ ಚಿಕ್ಕಿ ಎಂದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳು ಅತ್ತೆ, ಇನ್ನೊಬ್ಬಳು ಚಿಕ್ಕಿ ಆಗುವುದು ಯಾವ ಮನೆತನದಲ್ಲೂ ಸಾಧ್ಯವಿಲ್ಲ ಎಂದು ಒಬ್ಬ ತಾತ ಗೇಟಿನ ಹತ್ತಿರ ನಿಂತು ಮೊಮ್ಮಗನಿಗೆ ತಿಳಿಹೇಳಲು ಹೋದರು. ಮೊಮ್ಮಗ ಅವರನ್ನು ಕನಿಕರದಿಂದ ನೋಡಿ ಒಳಗೆ ಓಡಿಹೋದ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಶಾಲೆ ಎಂದರೆ ಮೂರರಿಂದ ಐದೂವರೆ ವರ್ಷದವರ ಶಾಲೆ. ಕಟ್ಟಡ ಮೊದಲು ಲಾಂಡ್ರಿಯಾಗಿತ್ತು. ಮುಂದಿನ ಮೂರು ಕೋಣೆಗಳಿಗೆ ಬಣ್ಣ ಬಳಿದು, ಗೋಡೆಗೆ ಜಿರಾಫೆ ಅಂಟಿಸಿ ತರಗತಿ ಮಾಡಿದರು. ಹಿಂದಿನ ಕೋಣೆಯನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಅಲ್ಲಿ ಬಟ್ಟೆ ನೆನೆಸುವ ಉದ್ದನೆಯ ಸಿಮೆಂಟು ತೊಟ್ಟಿ ಇತ್ತು, ಸಾಲಾಗಿ ನಾಲ್ಕು ನಲ್ಲಿಗಳಿದ್ದವು, ನೆಲ ಒಂದು ಕಡೆಗೆ ಇಳಿಜಾರಾಗಿತ್ತು. ಮುರಿದ ಕುರ್ಚಿಗಳನ್ನು ತುಂಬಿಡೋಣ ಎಂದರು ಕೆಲವರು. ಹನ್ನೊಂದು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ನೀರತ್ತೆ ಮೊದಲನೇ ದಿನವೇ ಆ ಕೋಣೆಯ ನಲ್ಲಿ ತಿರುಗಿಸಿ, ಇಳಿಜಾರಿನಲ್ಲಿ ನೀರು ಓಡುವುದನ್ನು ಒಂದು ನಿಮಿಷ ನೋಡಿ, "ಇದು ನನಗೆ ಬೇಕು" ಎಂದಳು. ಚಿಕ್ಕಂದಿನಲ್ಲಿ ಬೊಂಬೆ ಕೇಳದಿದ್ದವಳು ನಲವತ್ತು ದಾಟಿದ ಮೇಲೆ ತೊಟ್ಟಿ ಕೇಳಿದಳು. ಯಾರೂ ಬೇಡ ಎನ್ನಲಿಲ್ಲ. ಮುರಿದ ಕುರ್ಚಿಗಳು ಮಾಳಿಗೆಗೆ ಹೋದವು.

ಆ ಕೋಣೆಯಲ್ಲಿ ಏನುಂಟು ಏನಿಲ್ಲ. ತೂತು ಕೊರೆದ ಬಾಟಲಿಗಳು, ಆಲಿಕೆಗಳು, ರಬ್ಬರ್ ಕೊಳವೆ, ಸ್ಪಂಜು, ಬಿರಡೆ, ಒಂಟಿ ಗುಂಡಿಗಳು, ಬಾಗಿಲು ಮರೆತುಹೋದ ಕೀಲಿಕೈಗಳು, ಹಕ್ಕಿ ಗರಿ, ನುಣುಪು ಕಲ್ಲು, ಒರಟು ಕಲ್ಲು. ಮಗು ಒಂದು ವಸ್ತು ಕೈಗೆತ್ತಿಕೊಂಡರೆ ನೀರತ್ತೆ ಕೇಳುವುದು ಒಂದೇ ಮಾತು: "ಏನಾಗುತ್ತೆ? ಮೊದಲು ಹೇಳು, ಆಮೇಲೆ ಹಾಕು." ಹೇಳದೆ ಹಾಕುವ ಹಾಗಿಲ್ಲ. ಹೇಳಿದ್ದು ತಪ್ಪಾದರೆ ತಿದ್ದುವ ಹಾಗಿಲ್ಲ. ಯಾರೂ ನಗುವ ಹಾಗಂತೂ ಇಲ್ಲವೇ ಇಲ್ಲ. ಮಗು ತಾನಾಗಿಯೇ ಮತ್ತೆ ಮತ್ತೆ ಹಾಕಿ, ಮುಳುಗಿಸಿ, ಹಿಂಡಿ, ಸುರಿದು, ಒಂದು ದಿನ "ಅಯ್ಯೋ, ಅದು ಹಾಗಲ್ಲ" ಅನ್ನಬೇಕು. ಅದು ನಾಳೆಯೇ ಆಗಬಹುದು, ಒಂದು ತಿಂಗಳೂ ಹಿಡಿಯಬಹುದು. ನೀರತ್ತೆಗೆ ಅವಸರವಿಲ್ಲ. ಬೇರೆ ವಿಷಯಗಳಲ್ಲಿ ಅವಳು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹೆಂಗಸು. ತರಕಾರಿಯವನ ತಕ್ಕಡಿ ಒಂದು ಕೂದಲೆಳೆ ವಾಲಿದರೂ ಬಿಡುತ್ತಿರಲಿಲ್ಲ. ಈ ಕೋಣೆಯ ಹೊಸ್ತಿಲು ದಾಟಿದಳೆಂದರೆ ಮಾತ್ರ ಬೇರೆಯೇ ವ್ಯಕ್ತಿ.

ಒಂದು ತೊಂದರೆಯಿತ್ತು. ಮಕ್ಕಳು ಹೇಳುವುದನ್ನು ಬರೆದಿಡಬೇಕು, ಇಲ್ಲವಾದರೆ ಯಾವ ಮಗು ಎಲ್ಲಿಂದ ಎಲ್ಲಿಗೆ ಬಂತು ಎಂದು ತಿಳಿಯುವುದು ಹೇಗೆ? ಆದರೆ ನೀರತ್ತೆಯ ಕೈ ಬೆಳಗಿನಿಂದ ಮಧ್ಯಾಹ್ನದವರೆಗೆ ಒದ್ದೆ. ಮೊದಲ ಎರಡು ವರ್ಷ ಅವಳು ಬರೆದ ಹಾಳೆಗಳೆಲ್ಲ ಮಸಿ ಹರಡಿ ಅಂಟಿಕೊಂಡು ಕಸದ ಬುಟ್ಟಿ ಸೇರಿದವು. ಅದೇ ಹೊತ್ತಿಗೆ ತಂಗಿಯ ಹೊಲಿಗೆ ಅಂಗಡಿ ಮುಚ್ಚಿತು. ತಂಗಿಯ ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ನೀರತ್ತೆ ದೊಡ್ಡ ಟೀಚರ ಬಳಿ ಹೋಗಿ, "ನನ್ನ ಕೈ ಒದ್ದೆ. ಒಂದು ಒಣ ಕೈ ಬೇಕು, ನಮ್ಮ ಮನೆಯಲ್ಲೇ ಇದೆ" ಎಂದಳು. ದೊಡ್ಡ ಟೀಚರು, ಅಂದರೆ ಶಾಲೆಯ ಮುಖ್ಯಸ್ಥೆ, ಒಪ್ಪಿಕೊಂಡರು.

ಅಲ್ಲಿಂದ ಒಂಬತ್ತು ವರ್ಷ ಆ ಕೋಣೆಯ ಪದ್ಧತಿ ಇದೇ. ಅಕ್ಕ ತೊಟ್ಟಿಯ ಪಕ್ಕ ಮಂಡಿಯೂರಿ ಕೂತು ಮಗುವಿನ ಮಾತನ್ನು ಕೇಳಿ, ಅಕ್ಷರ ಬಿಡದೆ ಜೋರಾಗಿ ಹೇಳುವಳು. ತಂಗಿ ಬಾಗಿಲ ಬಳಿ, ನೀರು ಹಾರದ ದೂರದಲ್ಲಿ, ಎತ್ತರದ ಸ್ಟೂಲಿನ ಮೇಲೆ ಕೂತು ಬರೆಯುವಳು. ಪುಸ್ತಕ ಎರಡು. ಮಗು ಮೊದಲು ಹೇಳಿದ್ದು ಕೆಂಪು ಪುಸ್ತಕಕ್ಕೆ. ಆಮೇಲೆ ತಾನೇ ಕಂಡುಕೊಂಡದ್ದು ನೀಲಿ ಪುಸ್ತಕಕ್ಕೆ. ಹೇಳಿದ್ದರ ಎದುರಿಗೆ ಸರಿಯಾದದ್ದನ್ನು ಕೆಂಪು ಪುಸ್ತಕದಲ್ಲಿ ಬರೆಯುವ ಹಾಗಿರಲಿಲ್ಲ. ಅದು ಮಗುವಿನ ಮಾತಿಗೆ ಅವಮಾನ ಎಂದು ನೀರತ್ತೆಯ ಹಟ. ಕೋಣೆಯಲ್ಲಿ ತೇವ ಇದ್ದುದರಿಂದ ಪುಸ್ತಕಗಳು ತಂಗಿಯ ಚೀಲದಲ್ಲಿ, ತಂಗಿಯ ಮನೆಯಲ್ಲೇ ಇರುತ್ತಿದ್ದವು. ಒಂಬತ್ತು ವರ್ಷದ ಆ ರಾಶಿಯಲ್ಲಿ ನೀರತ್ತೆಯ ಕೈಬರಹದ ಒಂದು ಅಕ್ಷರವೂ ಇರಲಿಲ್ಲ. ಅದರಲ್ಲಿ ಏನಾದರೂ ಎಡವಟ್ಟಿದೆ ಎಂದು ಅವಳಿಗೆ ಯಾವತ್ತೂ ಹೊಳೆಯಲಿಲ್ಲ. ತನ್ನ ಬಲಗೈಯನ್ನು ಯಾರಾದರೂ ಅನುಮಾನಿಸುತ್ತಾರೆಯೇ?

ಶುಕ್ರವಾರ ಮಕ್ಕಳು ಹೋದ ಮೇಲೆ ಇಬ್ಬರೂ ಬಾಗಿಲು ಹಾಕಿಕೊಂಡು ಕೆಂಪು ಪುಸ್ತಕ ಓದುತ್ತಿದ್ದರು. ಐಸು ಅಳ್ತಾ ಇದೆ, ಅದಕ್ಕೇ ಚಿಕ್ಕದಾಗ್ತಿದೆ. ಒದ್ದೆ ಕರವಸ್ತ್ರದ ನೀರನ್ನು ಕಿಟಕಿ ಕುಡೀತು. ಉದ್ದ ಲೋಟದ ನೀರಿಗೆ ವಯಸ್ಸು ಜಾಸ್ತಿ. ಬಾಟಲಿಯ ಕೆಳಗಿನ ತೂತಿನ ನೀರು ದೂರ ಹಾರುತ್ತೆ, ಯಾಕಂದ್ರೆ ಅದಕ್ಕೆ ಮೇಲಿನ ನೀರಿನ ಜೊತೆ ಜಗಳ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವರು. "ಲೇ, ಜಗಳ ಅಂದ್ರೆ ಸರಿಯಾಗೇ ಇದೆ ಕಣೇ, ಮೇಲಿಂದು ತುಳೀತಿದೆ, ಕೆಳಗಿಂದು ಓಡ್ತಿದೆ" ಎಂದು ನೀರತ್ತೆ ಕಣ್ಣೊರೆಸಿಕೊಳ್ಳುವಳು. ನಗು ಮುಗಿದ ಮೇಲೆ ನೀಲಿ ಪುಸ್ತಕ ತೆಗೆಯುವರು. ಅದನ್ನು ಓದುವಾಗ ಇಬ್ಬರೂ ನಗುತ್ತಿರಲಿಲ್ಲ.

ಆ ವರ್ಷ ಬಂದವಳು ಸಾಸಿವೆ. ಹೆಸರು ಬೇರೆ ಇತ್ತು. ಗಾತ್ರ ನೋಡಿ ಮನೆಯವರೇ ಹಾಗೆ ಕರೆಯುತ್ತಿದ್ದರು. ನಾಲ್ಕೂವರೆ ವರ್ಷದವಳು, ಶಾಲೆಗೆ ಸೇರಿ ಮೂರು ತಿಂಗಳಾದರೂ ಬಾಯಿಯೇ ಬಿಟ್ಟಿರಲಿಲ್ಲ. ಕೇಳಿದರೆ ತಲೆ ತಗ್ಗಿಸುವಳು, ಹತ್ತಿರ ಹೋದರೆ ಬಾಗಿಲ ಹಿಂದೆ ಸೇರುವಳು. ನೀರತ್ತೆ ಅವಳ ಪಾಡಿಗೆ ಅವಳನ್ನು ಬಿಟ್ಟಳು. ಒಂದು ದಿನ ಸಾಸಿವೆ ತಾನೇ ಬಂದು, ನುಣುಪು ಕಲ್ಲೊಂದನ್ನು ಎತ್ತಿಕೊಂಡು, ನೀರತ್ತೆಯ ಕಿವಿಗೆ ಬಾಯಿಟ್ಟು ಕೇಳಿದಳು: "ನಾನು ಹೇಳಿದ್ರೆ ಎಲ್ಲರಿಗೂ ಹೇಳ್ತೀರಾ?"

"ಇಲ್ಲಮ್ಮ. ಪುಸ್ತಕಕ್ಕೆ ಮಾತ್ರ ಹೇಳ್ತೀನಿ."

"ಕಲ್ಲು ಮುಳುಗುತ್ತೆ. ಅದಕ್ಕೆ ನಿದ್ದೆ ಬಂದಿದೆ."

ಆ ವಾಕ್ಯ ಕೆಂಪು ಪುಸ್ತಕಕ್ಕೆ ಹೋಯಿತು. ಅದಾಗಿ ಮೂರು ವಾರ ಸಾಸಿವೆ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಕಲ್ಲು ಹಾಕುವಳು, ಎಬ್ಬಿಸುವಳು, ಮತ್ತೆ ಹಾಕುವಳು. ಆಮೇಲೆ ಜೇಡಿಮಣ್ಣಿನ ಉಂಡೆಗೆ ಬಂದಳು. ಉಂಡೆ ಮುಳುಗಿತು. ಅದನ್ನು ತಟ್ಟಿ ಬಟ್ಟಲು ಮಾಡಿ ಬಿಟ್ಟಳು, ತೇಲಿತು. ಮತ್ತೆ ಉಂಡೆ ಮಾಡಿದಳು, ಮುಳುಗಿತು. ಹನ್ನೊಂದು ಸಲ ಹೀಗೆ ಮಾಡಿದಳು. ತಂಗಿ ಸ್ಟೂಲಿನ ಮೇಲೆ ಕೂತು ಎಣಿಸಿದಳು. ಕೊನೆಗೆ ಸಾಸಿವೆ ನೀರತ್ತೆಯ ಕಿವಿಗಲ್ಲ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು: "ಅದೇ ಮಣ್ಣು. ನಿದ್ದೆ ಅಲ್ಲ. ಅಗಲವಾಗಿ ಕೂತ್ರೆ ನೀರು ಎತ್ತಿಕೊಳ್ಳುತ್ತೆ, ಮುದುಡಿಕೊಂಡ್ರೆ ಬಿಟ್ಟುಬಿಡುತ್ತೆ."

ನೀರತ್ತೆಗೆ ಆ ಕ್ಷಣ ಹನ್ನೊಂದು ವರ್ಷದ ಕೆಲಸಕ್ಕೆಲ್ಲ ಸಂಬಳ ಬಂದಂತಾಯಿತು. ತಿರುಗಿ ನೋಡಿದಳು. ತಂಗಿ ನೀಲಿ ಪುಸ್ತಕದಲ್ಲಿ ಬರೆಯುತ್ತಿದ್ದಳು, ಅವಳ ಕಣ್ಣಲ್ಲೂ ನೀರಿತ್ತು.

ಆದರೆ ಈ ಮೂರು ವಾರಗಳ ನಡುವೆ ಒಂದು ದಿನ ಸಾಸಿವೆಯನ್ನು ಅವಳ ಅಪ್ಪ ದೊಡ್ಡ ಶಾಲೆಯೊಂದರ ಸಂದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ಒಂದು ಸೀಟಿಗೆ ಮೂವತ್ತು ಮಕ್ಕಳು. ಅಲ್ಲಿನ ಮೇಡಂ ಒಂದು ಗಾಜಿನ ಬೋಗುಣಿ ಇಟ್ಟು, ಕಲ್ಲು ಯಾಕೆ ಮುಳುಗುತ್ತೆ ಪುಟ್ಟಿ ಎಂದು ಕೇಳಿದರು. ಪುಟ್ಟಿ ತನಗೆ ಆ ಹೊತ್ತಿಗೆ ಗೊತ್ತಿದ್ದದ್ದನ್ನು ಹೇಳಿದಳು. ಸೀಟು ಸಿಗಲಿಲ್ಲ.

ಸಾಸಿವೆಯ ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಕೆಟ್ಟವರಲ್ಲ. ಹತ್ತು ಮಹಡಿಯ ಮೇಲೆ ತಂತಿಗೆ ಜೋತುಬಿದ್ದು ಕೆಲಸ ಮಾಡುವವರಿಗೆ ವಿಷಯಗಳು ಸರಿಯಾಗಿರಬೇಕು ಎಂಬ ಆಸೆ ಇರುವುದು ಸಹಜ. ಶಾಲೆಗೆ ಬಂದು ದೊಡ್ಡ ಟೀಚರ ಎದುರು ಕೂತರು. "ನಿದ್ದೆ ಬಂದಿದೆಯಂತೆ. ಕಲ್ಲಿಗೆ. ಯಾರು ಹೇಳಿಕೊಟ್ಟಿದ್ದು ಇದನ್ನ? ನೀರಿನ ಕೋಣೆಯಲ್ಲಿ ಇದೇ ಪಾಠಾನಾ?" ಎಂದರು. ಇನ್ನೂ ಐದಾರು ಅಪ್ಪ ಅಮ್ಮಂದಿರು ದನಿಗೂಡಿಸಿದರು. ಬುಧವಾರ ದೊಡ್ಡ ಟೀಚರು ನೀರತ್ತೆಯನ್ನು ಕರೆದು ವಿಷಯ ಹೇಳಿದರು. ಶನಿವಾರ ಸಭೆ. ನೀರಿನ ಕೋಣೆ ಇರಬೇಕೋ ಬೇಡವೋ ಎಂದು ಪೋಷಕರೇ ಕೈಯೆತ್ತಿ ತೀರ್ಮಾನಿಸುತ್ತಾರೆ.

"ಬೇಡ ಅಂದ್ರೆ?"

"ತೊಟ್ಟಿ ಒಡೆಸಿ ಸಂದರ್ಶನದ ತಯಾರಿ ಕ್ಲಾಸು ಮಾಡೋಣ ಅಂತ ಕೆಲವರ ಆಸೆ."

ನೀರತ್ತೆಗೆ ಮರುಗಳಿಗೆಯೇ ನೀಲಿ ಪುಸ್ತಕ ನೆನಪಾಯಿತು. ಸಾಸಿವೆ ಹೇಳಿದ್ದು, ದಿನಾಂಕದ ಸಮೇತ, ಅದರಲ್ಲಿದೆ. ಅವರಪ್ಪ ಅದನ್ನು ಓದಲಿ. ಮೂವತ್ತು ಮಕ್ಕಳಲ್ಲಿ ಬೇರೆ ಯಾವ ಮಗು ಅಷ್ಟು ಹೇಳುತ್ತಿತ್ತು? ಕಿವಿಯಲ್ಲಲ್ಲ, ಇಡೀ ಕೋಣೆಗೆ ಕೇಳುವ ಹಾಗೆ ಮಗು ತಾನೇ ಹೇಳಿದ ಮಾತು ಅದು. ಅದನ್ನು ಹೆಮ್ಮೆಯಿಂದ ತೋರಿಸಿದರೆ ಮಾತು ತಪ್ಪಿದ ಹಾಗಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಂಗಿಗೆ ಹೇಳಿದಳು, "ಶನಿವಾರ ನೀಲಿ ಪುಸ್ತಕ ತಗೊಂಡು ಬಾ. ನೀನೇ ಓದು. ನಿನ್ನ ದನಿ ಚೆನ್ನಾಗಿದೆ, ನಾನು ಓದಿದ್ರೆ ಜಗಳ ಆಡಿದ ಹಾಗೆ ಇರುತ್ತೆ."

ತಂಗಿ ಪೆನ್ನಿನ ಮುಚ್ಚಳ ಹಾಕುತ್ತಾ, "ಆಯ್ತು ಅಕ್ಕ" ಎಂದಳು.

ಆ ಶುಕ್ರವಾರ ಅವರು ಪುಸ್ತಕ ಓದಲಿಲ್ಲ. ತಂಗಿಗೆ ತಲೆನೋವಂತೆ, ಬೇಗ ಹೋದಳು. ನೀರತ್ತೆ ಒಬ್ಬಳೇ ಕೂತು ತೊಟ್ಟಿಯ ಅಂಚನ್ನು ಉಜ್ಜಿ ತೊಳೆದಳು. ನಾಳೆ ಪೋಷಕರು ಕೋಣೆ ನೋಡಲು ಬರಬಹುದು, ಪಾಚಿ ಕಾಣಬಾರದು.

ಶನಿವಾರ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ನಲವತ್ತು ಜನ ಮಕ್ಕಳ ಕುರ್ಚಿಗಳ ಮೇಲೆ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದರು. ಮಕ್ಕಳನ್ನು ಕರೆತರಬೇಡಿ ಎಂದು ಹೇಳಿದ್ದರೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಸಾಸಿವೆ ಬಂದಿದ್ದಳು. ಅಮ್ಮನ ತೊಡೆಯ ಮೇಲಿಂದ ನೀರತ್ತೆಗೆ ಕೈಬೀಸಿದಳು. ನೀರತ್ತೆಯೂ ಬೀಸಿದಳು.

ದೊಡ್ಡ ಟೀಚರು ನಾಲ್ಕು ಮಾತಾಡಿ, "ಕೋಣೆಯಲ್ಲಿ ಏನು ನಡೆಯುತ್ತೆ ಅಂತ ಬರೆದಿಟ್ಟವರೇ ಹೇಳಲಿ" ಎಂದು ತಂಗಿಯನ್ನು ಕರೆದರು. ತಂಗಿ ಎದ್ದಳು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿಯಾಗಿ ಕಟ್ಟಿದ ಕೂದಲು. ಚೀಲದಿಂದ ತೆಗೆದದ್ದು ಕೆಂಪು ಪುಸ್ತಕ.

ಮೊದಲು ಕೆಂಪು, ಆಮೇಲೆ ನೀಲಿ, ಸರಿಯಾದ ಕ್ರಮವೇ ಎಂದುಕೊಂಡಳು ನೀರತ್ತೆ. ಪಾಪ, ಜಾಣೆ.

"ಐಸು ಅಳ್ತಾ ಇದೆ, ಅದಕ್ಕೇ ಚಿಕ್ಕದಾಗ್ತಿದೆ," ತಂಗಿ ಓದಿದಳು. ಜನ ನಕ್ಕರು. "ಒದ್ದೆ ಕರವಸ್ತ್ರದ ನೀರನ್ನು ಕಿಟಕಿ ಕುಡೀತು." ಇನ್ನೂ ನಕ್ಕರು. ತಂಗಿ ಚೆನ್ನಾಗಿ ಓದುತ್ತಿದ್ದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹುಬ್ಬೇರಿಸಬೇಕು ಎಂದು ಗೊತ್ತಿತ್ತು ಅವಳಿಗೆ. ಎಷ್ಟೋ ಶುಕ್ರವಾರಗಳ ಅಭ್ಯಾಸ. "ಉದ್ದ ಲೋಟದ ನೀರಿಗೆ ವಯಸ್ಸು ಜಾಸ್ತಿ." ಹಿಂದಿನ ಸಾಲಿನಲ್ಲಿ ಒಬ್ಬರು ತೊಡೆ ತಟ್ಟಿಕೊಂಡರು. ನೀರತ್ತೆ ಮುಂದಕ್ಕೆ ಬಗ್ಗಿ, "ಸಾಕು ಕಣೇ, ಈಗ ನೀಲಿ" ಎಂದು ಮೆಲ್ಲಗೆ ಹೇಳಿದಳು. ತಂಗಿಗೆ ಕೇಳಿಸಲಿಲ್ಲವೋ, ಕೇಳಿಸಿತೋ, ಹಾಳೆ ತಿರುಗಿಸಿದಳು.

"ಕಲ್ಲು ಮುಳುಗುತ್ತೆ. ಅದಕ್ಕೆ ನಿದ್ದೆ ಬಂದಿದೆ. ಹೇಳಿದವರು..." ಎಂದು ತಂಗಿ ಮಗುವಿನ ಹೆಸರನ್ನೂ ಓದಿದಳು.

ಇಡೀ ಕೋಣೆ ನಕ್ಕಿತು. ಕೆಲವರು ತಿರುಗಿ ಸಾಸಿವೆಯನ್ನೇ ನೋಡಿ ನಕ್ಕರು, ಪ್ರೀತಿಯಿಂದಲೇ ನಕ್ಕರು ಎನ್ನಬೇಕು, ಆದರೆ ನಾಲ್ಕೂವರೆ ವರ್ಷಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ. ಸಾಸಿವೆ ಅಮ್ಮನ ಎದೆಗೆ ಮುಖ ಒತ್ತಿ ಹಿಡಿದಳು. ಅವಳ ಕಿವಿ ಮಾತ್ರ ಕಾಣುತ್ತಿತ್ತು, ಕೆಂಪಗೆ.

"ನೋಡಿ," ಎಂದಳು ತಂಗಿ. "ಇದನ್ನ ಯಾರೂ ತಿದ್ದಿಲ್ಲ. ಪುಸ್ತಕ ಪೂರ್ತಿ ಹೀಗೇ ಇದೆ. ನಾನು ಅಕ್ಕ ಹೇಳಿದ್ದನ್ನ ಬರೆದೆ, ಅಷ್ಟೇ ನನ್ನ ಕೆಲಸ."

ನೀರತ್ತೆ ಎದ್ದು ನಿಂತಳು. ಚಿಕ್ಕ ಕುರ್ಚಿ ಅವಳ ಜೊತೆಗೇ ಎದ್ದು, ಬಿದ್ದು ಸದ್ದಾಯಿತು. "ನೀಲಿ ಪುಸ್ತಕ ಓದು."

ತಂಗಿ ಅವಳ ಕಡೆ ತಿರುಗಿದಳು. ಕಣ್ಣು ನೋಡಲಿಲ್ಲ, ಹೆಗಲಿನ ಆಚೆ ಎಲ್ಲೋ ನೋಡಿದಳು. "ಯಾವ ನೀಲಿ ಪುಸ್ತಕ ಅಕ್ಕ?"

ಬೈದಿದ್ದರೆ, ಹೊಡೆದಿದ್ದರೆ ನೀರತ್ತೆಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ದೊಡ್ಡ ಟೀಚರ ಕಡೆ ನೋಡಿ, "ನಿಮಗಾದ್ರೂ ಗೊತ್ತಲ್ಲ" ಎಂದಳು. ದೊಡ್ಡ ಟೀಚರು ಕನ್ನಡಕ ತೆಗೆದು ಒರೆಸತೊಡಗಿದರು. "ಶಾಲೆಯ ಒಂದೊಂದು ಪುಸ್ತಕಾನೂ ನಾನು ನೋಡ್ತಾ ಕೂರೋಕಾಗುತ್ತಾ?"

"ಇದೆ. ಒಂಬತ್ತು ವರ್ಷದ್ದೂ ಇದೆ. ಈ ಮಗು ಆಮೇಲೆ ಏನು ಕಂಡುಹಿಡೀತು ಗೊತ್ತಾ ನಿಮಗೆ? ಮಣ್ಣಿನ ಉಂಡೆ..." ಅವಳು ಹೆದರಿದ್ದ ಹಾಗೆಯೇ ಅದು ಜಗಳದ ದನಿಯಾಗಿತ್ತು. "ಸಾಸಿವೆ, ನೀನೇ ಹೇಳು ಪುಟ್ಟ. ಮಣ್ಣು ಯಾಕೆ ತೇಲ್ತು?"

ನಲವತ್ತು ಜನ ಮಗುವಿನ ಕಡೆ ತಿರುಗಿದರು. ಸಾಸಿವೆ ಮುಖ ಎತ್ತಲಿಲ್ಲ. ಅವಳಪ್ಪ ಎದ್ದು, ಸಿಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡು ಹೇಳಿದರು: "ಬಿಡಿ ಮೇಡಂ. ಮಗೂನ ಇನ್ನೂ ಎಷ್ಟು ಹಿಂಸೆ ಮಾಡ್ತೀರಿ?"

ಹಿಂಸೆ ಎಂಬ ಮಾತು ಕೇಳಿ ನೀರತ್ತೆ ಕೂತಳು, ಕುರ್ಚಿ ಇಲ್ಲದ ಕಡೆಯಲ್ಲಿ. ಯಾರೋ ಹಿಡಿದುಕೊಂಡರು.

ಕೈಯೆತ್ತಿಸಿದರು. ಕೋಣೆ ಬೇಡ ಎಂದು ಮೂವತ್ತೆರಡು ಕೈ. ದೊಡ್ಡ ಟೀಚರು ಮೇಜಿನ ಡ್ರಾಯರಿನಿಂದ ಹಾಳೆಗಳ ಕಟ್ಟು ತೆಗೆದು ಹಂಚಿದರು. ಸಂದರ್ಶನದ ತಯಾರಿ ತರಗತಿ, ಸೋಮವಾರದಿಂದ, ವೇಳಾಪಟ್ಟಿ. ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಶಿಕ್ಷಕಿ ಎಂದಿದ್ದ ಕಡೆ ತಂಗಿಯ ಹೆಸರು. ಒಂದು ಹಾಳೆ ನೀರತ್ತೆಯ ಕೈಗೂ ಬಂತು. ಅಚ್ಚಿನ ಮನೆಯವರು ಎಷ್ಟೇ ಚುರುಕಾಗಿದ್ದರೂ ಇದಕ್ಕೆ ನಾಲ್ಕು ದಿನ ಬೇಕು. ಹಾಗಾದರೆ "ಆಯ್ತು ಅಕ್ಕ" ಎಂದಾಗಲೇ ಇದು ಆಗಿಹೋಗಿತ್ತು. ಕೈಯೆತ್ತಿದ್ದೆಲ್ಲ ಬರೀ ನಾಟಕ.

ಸಂಜೆ ನೀರತ್ತೆ ತಂಗಿಯ ಮನೆಗೆ ಹೋದಳು. ಎರಡು ಬೀದಿ ಆಚೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆರೆದೇ ಇತ್ತು. ಬರುತ್ತಾಳೆಂದು ತಂಗಿ ಕಾದಿದ್ದಳು. ಊಟದ ಮೇಜಿನ ಮೇಲೆ ನೀಲಿ ಪುಸ್ತಕ ಇತ್ತು.

"ಸುಡಲಿಲ್ಲ," ಎಂದಳು ತಂಗಿ. "ಹರಿಯಲಿಲ್ಲ. ತಗೋ."

"ಯಾಕೆ ಹೀಗೆ ಮಾಡಿದೆ?"

ತಂಗಿ ಮೊದಲು ಅತ್ತಳು, ಆಮೇಲೆ ಅಳು ನುಂಗಿ ಮಾತಾಡಿದಳು. "ಒಂಬತ್ತು ವರ್ಷ ನಿನ್ನ ಗುಮಾಸ್ತೆ ಆಗಿದ್ದೆ. ಸ್ಟೂಲಿನ ಮೇಲೆ. ಒಂದು ಸಲ ನಾನೂ ತೊಟ್ಟಿಗೆ ಕೈ ಹಾಕಿದ್ದೆ, ನೆನಪಿದೆಯಾ? ಆ ಚಳಿಗಾಲ, ಹುಡುಗರು ಐಸು ಆಡ್ತಿದ್ರು. ನೀನು 'ಏಯ್, ನಿನ್ನ ಕೈ ಒಣಗಿರಲಿ' ಅಂದೆ. ಮಕ್ಕಳೆಲ್ಲ ನೋಡಿದ್ರು. ಎಲ್ಲವೂ ನಿನ್ನ ಹತ್ರ ಓಡಿಬರ್ತವೆ, ನನ್ನ ಹತ್ರ ಬರೋದು ಪೆನ್ನಿನ ಮುಚ್ಚಳ ಆಡೋಕೆ. ದೊಡ್ಡ ಟೀಚರು ಒಂದು ತರಗತಿ ನಿಂದೇ ಅಂದಾಗ, ಬೇಡ ಅನ್ನೋಕೆ ನಾನೇನು ದೇವತೆನಾ?"

"ಕೇಳಿದ್ರೆ ತೊಟ್ಟೀನೇ ಬಿಟ್ಟುಕೊಡ್ತಿದ್ದೆ."

"ಕೇಳಬೇಕಿತ್ತಾ ಅಕ್ಕ? ಒಂಬತ್ತು ವರ್ಷ ನನ್ನ ಮುಖ ನೋಡಿದ್ದೀಯಲ್ಲ."

ಅದರಲ್ಲಿ ಸತ್ಯ ಇತ್ತು. ಇತ್ತು ಎಂದೇ ನೀರತ್ತೆಗೆ ಇನ್ನೂ ಉರಿಯಿತು. ತನ್ನ ಮೇಲೆ ಸಿಟ್ಟಿದ್ದರೆ ತನಗೆ ಹೇಳಬೇಕಿತ್ತು, ಬೈಯಬೇಕಿತ್ತು, ಮಾತು ಬಿಡಬೇಕಿತ್ತು. ಅಕ್ಕನನ್ನು ಹೊಡೆಯಲು ಕೈಗೆ ಸಿಕ್ಕಿದ್ದು ಮಗುವೇ?

"ಆ ಮಗೂನ ಹೆಸರು ಯಾಕೆ ಓದಿದೆ?"

"ಹೆಸರಿಲ್ಲದಿದ್ರೆ ಅವರಪ್ಪ ನಂಬ್ತಿರಲಿಲ್ಲ." ತಂಗಿ ಮೂಗು ಒರೆಸಿಕೊಂಡಳು. "ನಾವೂ ನಕ್ಕಿಲ್ವಾ? ಶುಕ್ರವಾರ ಶುಕ್ರವಾರ?"

"ನಕ್ಕಿದ್ದೀವಿ. ಬಾಗಿಲು ಹಾಕ್ಕೊಂಡು."

ನೀರತ್ತೆ ನೀಲಿ ಪುಸ್ತಕ ಎತ್ತಿಕೊಂಡಳು. ಎಲ್ಲ ಇತ್ತು. ಸಾಸಿವೆಯ ಮಾತು, ದಿನಾಂಕ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಹನ್ನೊಂದು ಸಲ ಮಾಡಿ ನೋಡಿದಳು'. ಇದನ್ನು ದೊಡ್ಡ ಟೀಚರಿಗೆ ತೋರಿಸುತ್ತೇನೆ, ಸೋಮವಾರವೇ ಎಲ್ಲರನ್ನೂ ಮತ್ತೆ ಕರೆಸುತ್ತೇನೆ ಎಂದಳು.

"ಅವರು ಓದಿದ್ದಾರೆ," ಎಂದಳು ತಂಗಿ. "ಹೋದ ವಾರವೇ ಕೊಟ್ಟಿದ್ದೆ. ಪೂರ್ತಿ ಓದಿದ್ರು. ತುಂಬಾ ಚೆನ್ನಾಗಿದೆ ಅಂದ್ರು. ಆದ್ರೆ ಸಂದರ್ಶನದಲ್ಲಿ ಮೂರು ವಾರ ಕಾಯೋರು ಯಾರು ಅಂದ್ರು."

ಕನ್ನಡಕ ಒರೆಸಿದ್ದು ಯಾಕೆಂದು ನೀರತ್ತೆಗೆ ಈಗ ಗೊತ್ತಾಯಿತು. ಅವಳು ಪುಸ್ತಕವನ್ನು ಮೇಜಿನ ಮೇಲೆಯೇ ಇಟ್ಟು ಮೂರು ಮಹಡಿ ಇಳಿದಳು. ದಾರಿಯಲ್ಲಿ ಪರಿಚಯದವರು ಮಾತಾಡಿಸಿದರು. ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ತಂಗಿ ಸತ್ತಿದ್ದರೆ ಅಳಬಹುದಿತ್ತು, ಬಂದವರು ಸಮಾಧಾನ ಹೇಳುತ್ತಿದ್ದರು. ಇದಕ್ಕೆ ಯಾರ ಹತ್ತಿರ ಅಳುವುದು? ಇಷ್ಟು ವರ್ಷ ಇಂಥದ್ದೆಲ್ಲ ಅವಳು ಹೇಳಿಕೊಂಡದ್ದು ತಂಗಿಯ ಹತ್ತಿರವೇ.

ಸೋಮವಾರ ಅವಳು ಶಾಲೆಗೆ ಹೋದದ್ದು ಸಾಮಾನು ಖಾಲಿ ಮಾಡಲು. ತೊಟ್ಟಿ ಒಡೆಯುವವರು ಮಧ್ಯಾಹ್ನ ಬರುವವರಿದ್ದರು. ಗುಂಡಿ, ಬಿರಡೆ, ಕೀಲಿಕೈಗಳನ್ನು ಡಬ್ಬಿಗಳಿಗೆ ತುಂಬಿದಳು. ಮುಂದಿನ ಕೋಣೆಯಿಂದ ಮಕ್ಕಳು ಒಟ್ಟಾಗಿ ಹೇಳುವುದು ಕೇಳುತ್ತಿತ್ತು: "ಕಲ್ಲು ಭಾರವಾಗಿದೆ, ಆದ್ದರಿಂದ ಮುಳುಗುತ್ತದೆ. ಎಲೆ ಹಗುರವಾಗಿದೆ, ಆದ್ದರಿಂದ ತೇಲುತ್ತದೆ." ಅದರ ಹಿಂದೆಯೇ ತಂಗಿಯ ದನಿ, ಇನ್ನೊಂದು ಸಲ, ಜೋರಾಗಿ.

ಎಲೆಯಷ್ಟೇ ಯಾಕೆ, ದೊಡ್ಡ ಮರದ ದಿಮ್ಮಿಯೂ ತೇಲುತ್ತದೆ ಎಂದು ಕೂಗಿ ಹೇಳಬೇಕೆನಿಸಿತು ಅವಳಿಗೆ. ಹಲ್ಲು ಕಚ್ಚಿಕೊಂಡು ಡಬ್ಬಿಯ ಮುಚ್ಚಳ ಒತ್ತಿದಳು.

ತಿಂಡಿಯ ಗಂಟೆ ಬಾರಿಸಿದ ಮೇಲೆ ಬಾಗಿಲಲ್ಲಿ ಸಾಸಿವೆ ನಿಂತಿದ್ದಳು. ಕೈಯಲ್ಲಿ ಒಂದು ಕಿತ್ತಳೆ ಹಣ್ಣು.

"ಬಾ ಪುಟ್ಟ."

ಮಗು ಒಳಗೆ ಬಂತು, ಹತ್ತಿರ ಬರಲಿಲ್ಲ. ತೊಟ್ಟಿಯಲ್ಲಿ ಇನ್ನೂ ಮೊಣಕೈ ಮಟ್ಟ ನೀರಿತ್ತು. ಸಾಸಿವೆ ಅದನ್ನೇ ನೋಡುತ್ತಾ ಕೇಳಿದಳು, "ನನ್ನ ಮಾತು ಚಿಕ್ಕಿಗೆ ಯಾರು ಕೊಟ್ಟಿದ್ದು?"

ಇಡೀ ಭಾನುವಾರ ನೀರತ್ತೆ ತಲೆಯಲ್ಲಿ ಕಟ್ಟಿಕೊಂಡಿದ್ದ ಮಾತುಗಳೆಲ್ಲ ದೊಡ್ಡವರಿಗಾಗಿ ಕಟ್ಟಿದ್ದವು. ಚಿಕ್ಕಿ ಮೋಸ ಮಾಡಿದಳು ಎನ್ನಬಹುದಿತ್ತು, ಸುಳ್ಳಲ್ಲ. ಆದರೆ ಮಗು ಕೇಳಿದ್ದು ಅದಲ್ಲ. ಆ ಮಾತು ಮೊದಲು ಒಂದು ಕಿವಿಗೆ ಬಿದ್ದಿತ್ತು. ಆ ಕಿವಿಯಿಂದ ಬಾಯಿಗೆ ಬಂದು, ಅಕ್ಷರ ಬಿಡದೆ, ಸ್ಟೂಲಿನವರೆಗೆ ಕೇಳುವ ಹಾಗೆ ಜೋರಾಗಿ ಹೊರಗೆ ಹೋಗಿತ್ತು.

"ನಾನೇ ಕೊಟ್ಟೆ," ಎಂದಳು ನೀರತ್ತೆ.

"ಪುಸ್ತಕಕ್ಕೆ ಮಾತ್ರ ಅಂದಿದ್ರಿ."

"ಹೌದು ಪುಟ್ಟ. ಅಂದಿದ್ದೆ."

ಸಾಸಿವೆ ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳಬಹುದಿತ್ತು. ಆಮೇಲೆ ತೊಟ್ಟಿಯ ಹತ್ತಿರ ಬಂದು, ತುದಿಗಾಲಲ್ಲಿ ನಿಂತು, ಕಿತ್ತಳೆಯನ್ನು ನೀರಿಗೆ ಬಿಟ್ಟಳು. ಏನಾಗುತ್ತದೆ ಎಂದು ಮೊದಲು ಹೇಳಲಿಲ್ಲ. ನೀರತ್ತೆಯೂ ಕೇಳಲಿಲ್ಲ; ಕೇಳುವ ಅಧಿಕಾರ ಈಗ ಎಲ್ಲಿತ್ತು? ಹಣ್ಣು ತೇಲಿತು. ಸಾಸಿವೆ ಅದನ್ನು ಎತ್ತಿ, ನೆಲದ ಮೇಲೆ ಕೂತು, ಉಗುರು ಹಾಕಿ ಹಾಕಿ ಸಿಪ್ಪೆ ಸುಲಿದಳು. ಎಷ್ಟೋ ಹೊತ್ತು ಹಿಡಿಯಿತು. ಸಿಪ್ಪೆ ಕಳೆದು ಚಿಕ್ಕದಾಗಿ, ಹಗುರವಾಗಿದ್ದ ಹಣ್ಣನ್ನು ಮತ್ತೆ ನೀರಿಗೆ ಬಿಟ್ಟಳು.

ಅದು ಸೀದಾ ತಳಕ್ಕೆ ಹೋಯಿತು.

ಸಾಸಿವೆಯ ಕಣ್ಣು ಅಗಲವಾಯಿತು. ಅಂಚು ಹಿಡಿದು ಬಗ್ಗಿ ತಳ ನೋಡಿದಳು, ಕೈಯಲ್ಲಿದ್ದ ಸಿಪ್ಪೆ ನೋಡಿದಳು, ಮತ್ತೆ ತಳ ನೋಡಿದಳು. ಅವಳ ತುಟಿ ತೆರೆಯಿತು. ಏನೋ ಒಂದು ಮಾತು ಅಲ್ಲಿಯವರೆಗೆ ಬಂದದ್ದನ್ನು ನೀರತ್ತೆ ಕಂಡಳು. ಹನ್ನೊಂದು ವರ್ಷ ಅವಳು ಮಂಡಿಯೂರಿ ಕಾದದ್ದು ಅದೇ ಮಾತಿಗಾಗಿ. ಈಗಲೂ ತನ್ನಷ್ಟಕ್ಕೆ ತಾನೇ ಅವಳ ತಲೆ ಮಗುವಿನ ಕಡೆ ಬಾಗಿತು.

ಸಾಸಿವೆ ನೀರತ್ತೆಯ ಕಿವಿಯನ್ನು ಒಮ್ಮೆ ನೋಡಿದಳು. ಆಮೇಲೆ ಬಾಯಿ ಮುಚ್ಚಿಕೊಂಡು, ಒದ್ದೆ ಕೈಯನ್ನು ತನ್ನ ಬಟ್ಟೆಗೆ ಒರೆಸಿಕೊಂಡು, ಮುಂದಿನ ಕೋಣೆಗೆ ಹೋದಳು.